ಮರಳಿಗೊಂದು ಬಾಣಂತಿ ಕೋಣೆ

ಕತ್ತಲಲ್ಲಿ ಎಷ್ಟು ಹೊತ್ತು ಇದ್ದಿರಿ ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಆಸ್ಪತ್ರೆಯ ಡಾಕ್ಟರಿಗೆ ಒಂದು ಹೇಳಿದೆ, ಮನೆಯಲ್ಲಿ ಅಮ್ಮನಿಗೆ ಇನ್ನೊಂದು ಹೇಳಿದೆ. ಗೆಳತಿಯ ಅಪ್ಪ ಕೇಳಿದಾಗ ಮತ್ತೊಂದು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಹೊತ್ತನ್ನು ಈಗ ನೆನೆದರೂ ಒಮ್ಮೆ ಅದು ಒಂದು ಕೆಮ್ಮಿನಷ್ಟು ಚಿಕ್ಕದಾಗಿ ಕಾಣುತ್ತದೆ, ಒಮ್ಮೆ ಒಂದು ಇಡೀ ಮಧ್ಯಾಹ್ನದಷ್ಟು ಉದ್ದವಾಗುತ್ತದೆ. ಅವರೆಲ್ಲ ಕೇಳುತ್ತಿದ್ದುದು ನನ್ನ ಬಗ್ಗೆ ಅಲ್ಲ ಎಂಬುದು ನನಗೂ ಗೊತ್ತಿತ್ತು. ಅವಳು ಮಣ್ಣಿನ ಅಡಿಯಲ್ಲಿ ಉಸಿರಿಲ್ಲದೆ ಎಷ್ಟು ಹೊತ್ತು ಇದ್ದಳು ಎಂಬುದು ಅವರಿಗೆ ಬೇಕಾಗಿತ್ತು. ಅದಕ್ಕೆ ಸಾಕ್ಷಿ ಅಂತ ಇದ್ದವಳು ನಾನೊಬ್ಬಳೇ.

ನಾವಿಬ್ಬರೂ ಎಂ.ಎ.ಯಲ್ಲಿ ಪ್ರಾಚೀನ ಇತಿಹಾಸ ಓದಿದವರು. ಓದು ಮುಗಿದ ಮೇಲೆ ನಾನು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವ ಕೆಲಸಕ್ಕೆ ಸೇರಿಕೊಂಡೆ. ಮನೆ ಕೆಸರೆಯಲ್ಲಿ. ಶಿಫ್ಟಿನ ಬಸ್ಸು, ಊಟದ ಡಬ್ಬಿ, ವಾರಕ್ಕೊಂದು ರಜೆ, ಇಷ್ಟು ನನ್ನ ದಿನಚರಿ. ಅವಳು ಮಾತ್ರ ಹಟ ಹಿಡಿದು ಸಂಶೋಧನೆಗೆ ಸೇರಿದಳು. ಅವರದು ಸಂತೆಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ ಗಲ್ಲಾದ ಮುಂದೆ ಕೂತರೆ ಅವರಪ್ಪ ಏಳುತ್ತಿದ್ದುದು ರಾತ್ರಿ ಬಾಗಿಲು ಎಳೆಯುವಾಗಲೇ. ಮಗಳು ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ, "ಕಲ್ಲು ಓದ್ತಾವ್ಳೆ" ಎನ್ನುತ್ತಿದ್ದರು. ಹೆಮ್ಮೆಯೋ ಗೇಲಿಯೋ ತಿಳಿಯುತ್ತಿರಲಿಲ್ಲ.

ಅವಳು ಓದುತ್ತಿದ್ದ ಕಲ್ಲು ಸಿಕ್ಕಿದ್ದು ನಮ್ಮ ಮನೆಯಿಂದ ಅಷ್ಟೇನೂ ದೂರವಲ್ಲದ ಒಂದು ಹಳ್ಳದ ದಂಡೆಯಲ್ಲಿ. ಕೆಸರೆ ದಾಟಿ ಉತ್ತರಕ್ಕೆ ಹೋದರೆ ಹೊಸ ಬಡಾವಣೆಯೊಂದು ಏಳುತ್ತಿದೆ. ರಸ್ತೆಗಾಗಿ ಮಣ್ಣೆತ್ತುವ ಯಂತ್ರ ದಂಡೆಯನ್ನು ಕಡಿದಾಗ, ಆಳೆತ್ತರಕ್ಕಿಂತ ಎತ್ತರವಾದ ಒಂದು ನೇರ ಮಣ್ಣಿನ ಗೋಡೆ ಹೊರಬಿತ್ತು. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಹಳದಿ ಬಣ್ಣದ ಮರಳು, ಎಲ್ಲಕ್ಕಿಂತ ಕೆಳಗೆ ನೀರಿನಲ್ಲಿ ಉರುಳಿ ದುಂಡಗಾದ ಉರುಟು ಕಲ್ಲುಗಳ ಪದರ. ಆ ಉರುಟು ಕಲ್ಲುಗಳ ನಡುವೆ, ಉರುಟಾಗಿಲ್ಲದ ಕೆಲವು ಕಲ್ಲುಗಳಿದ್ದವು. ಎರಡೂ ಬದಿಯಿಂದ ಚಕ್ಕೆ ಎಬ್ಬಿಸಿ, ಒಂದು ತುದಿ ಚೂಪು ಮಾಡಿ, ಇನ್ನೊಂದು ತುದಿಯನ್ನು ಅಂಗೈಗೆ ಕೂರುವಂತೆ ಬಿಟ್ಟ ಕಲ್ಲುಗಳು. ಕೈಗೊಡಲಿ ಎನ್ನುತ್ತಾರೆ. ಅದನ್ನು ಮಾಡಿದವರಿಗೆ ನಮ್ಮಂಥ ಮುಖ ಇತ್ತೋ ಇಲ್ಲವೋ, ನಮ್ಮಂಥ ಮಾತು ಇತ್ತೋ ಇಲ್ಲವೋ ಯಾರಿಗೂ ಖಚಿತವಿಲ್ಲ. ಕೈ ಇತ್ತು ಎಂಬುದಷ್ಟೇ ಖಚಿತ.

ಕಲ್ಲಿಗೆ ವಯಸ್ಸು ಕೇಳುವುದಕ್ಕಾಗುವುದಿಲ್ಲ. ಕಲ್ಲು ಯಾವತ್ತೂ ಹಳೆಯದೇ. ಅದನ್ನು ಮುಚ್ಚಿದ ಮರಳಿಗೆ ಕೇಳಬೇಕು. ಅವಳು ನನಗೆ ಇದನ್ನು ಒಂದು ಸಂಜೆ ನಮ್ಮ ಮನೆ ಜಗುಲಿಯಲ್ಲಿ ಕೂತು, ಅಮ್ಮ ಕೊಟ್ಟ ಚುರುಮುರಿ ತಿನ್ನುತ್ತ ವಿವರಿಸಿದ್ದಳು. ಬೆಣಚು ಮರಳಿನ ಒಂದೊಂದು ಕಣವೂ ಮಣ್ಣಿನಲ್ಲಿ ಹೂತಿರುವಾಗ ಸುತ್ತಲಿನ ನೆಲದಿಂದ ಒಂದು ಬಗೆಯ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಕೂಡಿಸಿಕೊಳ್ಳುತ್ತ ಹೋಗುತ್ತದಂತೆ. ಬಿಸಿಲು ಬಿದ್ದ ತಕ್ಷಣ ಅದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಕಣವನ್ನು ಕತ್ತಲಲ್ಲೇ ತೆಗೆದು, ಕತ್ತಲಲ್ಲೇ ಪ್ರಯೋಗಾಲಯಕ್ಕೆ ಒಯ್ದರೆ, ಅದು ಕೊನೆಯ ಸಲ ಬಿಸಿಲು ನೋಡಿದ್ದು ಎಷ್ಟು ಕಾಲದ ಹಿಂದೆ ಎಂದು ಲೆಕ್ಕ ಹಾಕಬಹುದು. ಅಂದರೆ ಆ ಕೈಗೊಡಲಿಯ ಮೇಲೆ ಮರಳು ಮುಚ್ಚಿಕೊಂಡ ಕಾಲ.

"ಒಂದ್ಸಲ ಬೆಳಕು ಬಿತ್ತೋ, ಮರೆತುಬಿಡುತ್ತೆ ಕಣೇ," ಎಂದಿದ್ದಳು. "ಇಷ್ಟು ಸಾವಿರ ವರ್ಷ ನೆನಪಿಟ್ಟುಕೊಂಡಿದ್ದು, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಹೋಯ್ತು."

ಹಾಗಾಗಿ ಹಾಡುಹಗಲಲ್ಲಿ ಕತ್ತಲೆ ಮಾಡಬೇಕಿತ್ತು. ದಂಡೆಯ ಮೇಲಿಂದ ಕೆಳಗಿನವರೆಗೆ ಕಪ್ಪು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪ ಟಾರ್ಪಾಲು ಇಳಿಬಿಟ್ಟು, ಅಂಚಿಗೆಲ್ಲ ಕಲ್ಲು ಹೇರಿ, ಸಂದಿಗೆ ಮಣ್ಣು ಮೆತ್ತಿ ಒಂದು ಕಿರಿದಾದ ಕೋಣೆಯಂತೆ ಮಾಡುತ್ತಿದ್ದರು. ಒಳಗೆ ಒಂದು ಮಂಕು ಕೆಂಪು ದೀಪ ಮಾತ್ರ. ಆ ಬೆಳಕಿನಿಂದ ಮರಳಿಗೆ ತೊಂದರೆಯಿಲ್ಲ. ಗೋಡೆಯ ಮೇಲ್ಮೈ ಕೆರೆದು, ಒಳಗಿನ ಬಿಸಿಲು ಕಾಣದ ಮರಳಿಗೆ ಉಕ್ಕಿನ ಪೈಪನ್ನು ಸುತ್ತಿಗೆಯಿಂದ ಬಡಿದು ಇಳಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ ತೆಗೆಯಬೇಕು. ಪೈಪುಗಳನ್ನು ಅವಳ ಅಪ್ಪನೇ ಅಂಗಡಿಯಲ್ಲಿ ಕತ್ತರಿಸಿ, ಅಂಚು ಉಜ್ಜಿ ಕೊಟ್ಟಿದ್ದರು.

ಸಹಾಯಕ್ಕೆ ಇದ್ದವರು ಬಡಾವಣೆಯ ಕೆಲಸಕ್ಕೆ ಬಂದಿದ್ದ ಇಬ್ಬರು ಅಣ್ಣತಮ್ಮಂದಿರು, ಇಬ್ಬರೂ ಮಕ್ಕಳೊಂದಿಗರು. ಮೊದಲ ದಿನ ಟಾರ್ಪಾಲು ಕಟ್ಟುವಾಗ ಅಣ್ಣ ಕೇಳಿದ.

"ಇದೇನ್ ಮೇಡಂ, ಬಾಣಂತಿ ಕೋಣೆ ಕಟ್ದಂಗ್ ಕಟ್ತಾ ಇದೀರ? ಗಾಳಿ ಆಡ್ಬಾರ್ದು, ಬೆಳಕ್ ಬೀಳ್ಬಾರ್ದು. ಕೂಸ್ ಎಲ್ಲಿ?"

"ಕೂಸು ಮರಳು," ಎಂದಳು ಅವಳು.

"ಸರಿ ಬುಡಿ, ಸಾಂಬ್ರಾಣಿ ಹೊಗೆ ಒಂದ್ ಬಾಕಿ," ಎಂದ. ಆಮೇಲೆ ನಮಗೆಲ್ಲ ಅದು ಬಾಣಂತಿ ಕೋಣೆಯೇ ಆಯಿತು. ನಮ್ಮ ಮೇಷ್ಟ್ರು, ಅವಳ ಸಂಶೋಧನೆಗೆ ಮಾರ್ಗದರ್ಶಕರು, ಗಂಭೀರ ಮನುಷ್ಯ, ಅವರೂ ಕೂಡ ಫೋನಿನಲ್ಲಿ ಯಾರಿಗೋ "ಬಾಣಂತಿ ಕೋಣೆ ರೆಡಿ ಆಯ್ತು" ಎಂದು ಹೇಳಿದ್ದನ್ನು ಕೇಳಿದ್ದೇನೆ.

ನಾನು ಅಲ್ಲಿಗೆ ಹೋದದ್ದು ವಾರದ ರಜೆಯಲ್ಲಿ, ಹಳೆಯ ಆಸೆಗೆ. ಹಿಂದಿನ ದಿನ ಅಲ್ಲೊಂದು ಎಡವಟ್ಟು ಆಗಿತ್ತು. ಅವಳು ಒಳಗೆ ಪೈಪು ಬಡಿಯುತ್ತಿದ್ದಾಗ, ಟೀ ಆರಿಹೋಗುತ್ತದೆಂದು ತಮ್ಮನಾದವನು ಟಾರ್ಪಾಲಿನ ಅಂಚು ಎತ್ತಿ ಲೋಟ ಒಳಗೆ ಚಾಚಿದ್ದ. ಬಿಸಿಲು ನೇರ ಒಳಗೆ ಬಿದ್ದು ಮಾದರಿ ಕೆಟ್ಟಿತ್ತು. ಅವಳು ಸಿಟ್ಟಿನವಳಲ್ಲ, ಆದರೆ ಅವತ್ತು ಚೆನ್ನಾಗಿಯೇ ಬೈದಿದ್ದಳಂತೆ. ಅವನು ತಲೆ ತಗ್ಗಿಸಿಕೊಂಡು ನಿಂತಿದ್ದನಂತೆ. ಆದ್ದರಿಂದ ನಾನು ಹೋದ ದಿನ ಮೇಷ್ಟ್ರು ಇಬ್ಬರನ್ನೂ ಕರೆದು ನಗುತ್ತಲೇ ಹೇಳಿದರು:

"ನೋಡಿಯಪ್ಪಾ, ಒಳಗಿಂದ ಯಾರು ಏನೇ ಬೊಬ್ಬೆ ಹೊಡೆದ್ರೂ, ನಾನು ಬಂದು ಹೇಳೋತನಕ ತೆಗೀಬೇಡಿ. ಒಳಗೆ ನಾನೇ ಇದ್ದು ಕಿರುಚಿಕೊಂಡ್ರೂ ತೆಗೀಬೇಡಿ."

"ಆಗ್ಲಿ ಸಾ," ಎಂದ ಅಣ್ಣ. ತಮ್ಮ ತಲೆಯಾಡಿಸಿದ. ನಾವೂ ನಕ್ಕೆವು.

ಅವಳೂ ನಾನೂ ಒಳಗೆ ಹೋದೆವು. ಹಿಂದಿನಿಂದ ಅಂಚು ಮುಚ್ಚಿದರು. ಕಲ್ಲು ಹೇರುವ ಸದ್ದು ಒಂದೊಂದಾಗಿ ಕೇಳಿಸಿತು. ಕೆಂಪು ದೀಪದಲ್ಲಿ ಅವಳ ಮುಖಕ್ಕೆ ಕಣ್ಣುಗಳೇ ಇದ್ದಂತೆ ಕಾಣಲಿಲ್ಲ, ಎರಡು ಕಪ್ಪು ಗುಳಿಗಳಿದ್ದವು. ನನ್ನ ಮುಖವೂ ಹಾಗೇ ಇತ್ತೇನೋ. ಒಳಗೆ ತೇವದ ವಾಸನೆ. ಎರಡು ದಿನದ ಹಿಂದೆ ಮಳೆ ಬಂದಿತ್ತು. ಮಣ್ಣಿನ ಗೋಡೆಗೆ ಅಂಗೈ ಇಟ್ಟೆ. ತಣ್ಣಗಿತ್ತು. ಮನುಷ್ಯರು ಮನೆ ಕಟ್ಟುವುದಕ್ಕೂ, ಬೀಜ ಬಿತ್ತುವುದಕ್ಕೂ ಎಷ್ಟೋ ಮೊದಲಿನ ಒಂದು ಮಧ್ಯಾಹ್ನ ಈ ಮರಳಿನ ಮೇಲೆ ಕೊನೆಯ ಬಿಸಿಲು ಬಿದ್ದಿತ್ತು ಎಂದು ಯೋಚಿಸಿದೆ. ಆ ಮಧ್ಯಾಹ್ನ ಇಲ್ಲಿ ಯಾರು ಕೂತಿದ್ದರೋ. ಅವರ ಹಿಂದೆ ನಾನು ನಿಂತಿದ್ದೇನೆ ಅನ್ನಿಸಿತು. ಅಥವಾ ನನ್ನ ಹಿಂದೆ ಅವರು.

ಅವಳು ಉರುಟು ಕಲ್ಲಿನ ಪದರದ ಸ್ವಲ್ಪ ಮೇಲೆ, ಮೊಣಕಾಲೂರಿ ಕೂತು ಪೈಪು ಬಡಿಯತೊಡಗಿದಳು. ಮೇಲಿನ ಪೈಪು ಆಗಲೇ ಸಲೀಸಾಗಿ ಮುಗಿದಿತ್ತು. ಇದು ಎರಡನೆಯದು. ನಾನು ಮುಚ್ಚಳ ಹಿಡಿದು ಹಿಂದೆ ನಿಂತಿದ್ದೆ. ಲೋಹದ ಸದ್ದು ಟಾರ್ಪಾಲಿಗೆ ಬಡಿದು ಕಿವಿಗೆ ವಾಪಸು ಬರುತ್ತಿತ್ತು. ಒಂದು ಸಲ ಅವಳು ಸುತ್ತಿಗೆ ನಿಲ್ಲಿಸಿ ತಲೆ ಓರೆ ಮಾಡಿದಳು.

"ಏನೇ?" ಎಂದೆ.

"ಏನಿಲ್ಲ," ಎಂದು ಮತ್ತೆ ಸುತ್ತಿಗೆ ಎತ್ತಿದಳು.

ಬಿದ್ದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಅಕ್ಕಿ ಮೂಟೆಯನ್ನು ನೆಲಕ್ಕೆ ಇಳಿಸಿದಾಗ ಆಗುವಂಥ ಒಂದು ಸದ್ದು, ಅಷ್ಟೆ. ಆಮೇಲೆ ಕೆಂಪು ಬೆಳಕು ಇರಲಿಲ್ಲ. ನನ್ನ ಎದೆಗೆ ಏನೋ ಗುದ್ದಿ ನಾನು ಹಿಂದಕ್ಕೆ ಕೂತುಬಿಟ್ಟಿದ್ದೆ, ಸೊಂಟದವರೆಗೆ ಮಣ್ಣಿತ್ತು, ಬಾಯಲ್ಲಿ ಮರಳಿತ್ತು. ಕಣ್ಣು ಬಿಟ್ಟಿದ್ದೆನೋ ಮುಚ್ಚಿದ್ದೆನೋ ತಿಳಿಯಲಿಲ್ಲ. ಅವಳನ್ನು ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ಟಾರ್ಪಾಲು ಮೇಲಿಂದ ಜೋತು ನನ್ನ ತಲೆಗೆ ತಾಗುತ್ತಿತ್ತು, ಅದರ ಮೇಲೂ ಮಣ್ಣು ಬಿದ್ದಿರಬೇಕು.

"ತೆಗೀರಿ!" ಎಂದು ಕಿರುಚಿದೆ. "ತೆಗೀರಿ, ತೆಗೀರಿ!"

ಟಾರ್ಪಾಲಿನ ಆಚೆ, ಒಂದು ಮಾರು ದೂರದಲ್ಲಿ, ಅಣ್ಣನ ದನಿ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಬುಡ್ಬ್ಯಾಡ ಕಣ್ಲಾ, ಗಟ್ಟಿಯಾಗ್ ಹಿಡ್ಕೊ. ಬೆಳಕ್ ಒಳಕ್ ಹೋಗ್ಬುಟ್ರೆ ನಿನ್ನೆ ತರಾನೇ ಆಯ್ತದೆ."

ಟಾರ್ಪಾಲು ಬಿಗಿಯಾಯಿತು. ಅವರು ಇಬ್ಬರೂ ಅಂಚಿನ ಮೇಲೆ ಕೂತಿರಬೇಕು. ನಾನು ಕಿರುಚಿದಷ್ಟೂ ಅದು ಬಿಗಿಯಾಗುತ್ತ ಹೋಯಿತು. ಇವತ್ತಿಗೂ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೆಬ್ಬಾಳಕ್ಕೆ ಹೋಗುವಾಗ, ಯಾವ ಕಾರಣವೂ ಇಲ್ಲದೆ ಆ ಬಿಗಿತ ನನ್ನ ನೆತ್ತಿಯ ಮೇಲೆ ಬರುತ್ತದೆ.

ಕಿರುಚುವುದನ್ನು ಯಾವಾಗ ನಿಲ್ಲಿಸಿದೆನೋ ಗೊತ್ತಿಲ್ಲ. ಕಾಲು ಹೂತಿದ್ದರಿಂದ ಏಳುವುದಕ್ಕಾಗುತ್ತಿರಲಿಲ್ಲ. ಮುಂದಕ್ಕೆ ಬಗ್ಗಿ ಅವಳು ಕೂತಿದ್ದ ಕಡೆ ಬೆರಳಲ್ಲಿ ಬಗೆಯತೊಡಗಿದೆ. ತೇವದ ಮಣ್ಣು ಹೆಂಟೆ ಹೆಂಟೆಯಾಗಿತ್ತು, ನಡುವೆ ಉರುಟು ಕಲ್ಲುಗಳು. ಉಗುರು ಕಿತ್ತುಬಂತು. ಆಗ ಕೈಗೆ ಒಂದು ಕಲ್ಲು ಸಿಕ್ಕಿತು. ಸಿಕ್ಕಿತು ಎಂದರೆ ಸರಿಯಾಗುವುದಿಲ್ಲ. ಕತ್ತಲಲ್ಲಿ ಯಾರಾದರೂ ಲೋಟ ಚಾಚಿದರೆ ನಾವು ನೋಡದೆಯೇ ಹೇಗೆ ಹಿಡಿದುಕೊಳ್ಳುತ್ತೇವೋ ಹಾಗೆ ಅದು ಅಂಗೈಗೆ ಬಂದು ಕೂತಿತು. ಹೆಬ್ಬೆರಳಿಗೆ ಒಂದು ತಗ್ಗು, ಅಂಗೈಗೆ ಒಂದು ಉಬ್ಬು, ಮುಂದೆ ಒಂದು ಅಂಚು. ಅದರಿಂದ ಅಗೆದೆ. ಬೇರೆ ಕಲ್ಲಿಗೆ ತಾಗಿದಾಗ ಟಕ್ ಎನ್ನುತ್ತಿತ್ತು. ಅಗೆಯುವುದು ಬೆರಳಿಗಿಂತ ಎಷ್ಟೋ ಸುಲಭವಾಯಿತು. ಆ ಕೈ ನನ್ನದೇ ಎಂಬುದು ನನಗೆ ಮರೆತೇಹೋಗಿತ್ತು. ಅದಕ್ಕೆ ಕೆಲಸ ಗೊತ್ತಿತ್ತು, ನಾನು ಅದರ ಹಿಂದೆ ಹೋಗುತ್ತಿದ್ದೆ.

ಮೊದಲು ಸಿಕ್ಕಿದ್ದು ಜಡೆ. ಕಲ್ಲು ಬಿಸಾಕಿ, ಜಡೆಯ ಗುಂಟ ಬೆರಳು ಹಾಕಿ ಕಿವಿ, ಕೆನ್ನೆ, ಬಾಯಿ ಹುಡುಕಿದೆ. ಬಾಯಿ ತುಂಬ ಮರಳಿತ್ತು. ಬೆರಳಿನಿಂದ ಗೋರಿದೆ. ಏನೂ ಆಗಲಿಲ್ಲ. ಮತ್ತೆ ಗೋರಿದೆ. ಆಗ ಅವಳು ನನ್ನ ಬೆರಳು ಕಚ್ಚಿದಳು. ಕಚ್ಚಿದ್ದೇ ಮೊದಲು, ಉಸಿರು ಬಂದದ್ದು ಆಮೇಲೆ. ಆ ಉಸಿರಿನ ಸದ್ದು ಹೇಗಿತ್ತೆಂದು ಬರೆಯಲಾರೆ.

ಟಾರ್ಪಾಲು ತೆಗೆದವರು ಮೇಷ್ಟ್ರು. ಅವರು ರಸ್ತೆಯ ಹತ್ತಿರ ಬಡಾವಣೆಯವರ ಜೊತೆ ಮಾತಾಡುತ್ತ ನಿಂತಿದ್ದರಂತೆ. ತಿರುಗಿ ನೋಡಿದಾಗ ದಂಡೆಯ ಮೇಲ್ತುದಿಯೇ ಇರಲಿಲ್ಲವಂತೆ. ಅಲ್ಲಿ ಒಂದು ಬಾಯಿ ತೆರೆದುಕೊಂಡಂತೆ ಇತ್ತಂತೆ. ಕೆಳಗೆ ಇಬ್ಬರು ಟಾರ್ಪಾಲಿನ ಅಂಚಿನ ಮೇಲೆ ನಿಷ್ಠೆಯಿಂದ ಕೂತಿದ್ದರು, ಅವರಿಗೆ ಮೇಲಿನದು ಕಾಣುತ್ತಿರಲಿಲ್ಲ. ಮೇಷ್ಟ್ರು ಓಡಿಬಂದು ಟಾರ್ಪಾಲನ್ನು ಕೈಯಾರೆ ಹರಿದರು. ಬಿಸಿಲು ಒಳಗೆ ಬಿತ್ತು. ನನಗೆ ಆಗ ಮೊದಲು ಹೊಳೆದದ್ದು, ಹೇಳುವುದಕ್ಕೇ ಭಯವಾಗುತ್ತದೆ: ಅಯ್ಯೋ, ಮಾದರಿ ಹಾಳಾಯಿತು.

ಅವಳಿಗೆ ಪಕ್ಕೆಲುಬು ಬಿರುಕು ಬಿಟ್ಟಿತ್ತು, ಭುಜ ಜಾರಿತ್ತು. ತಲೆಗೆ ಏನೂ ಆಗಿಲ್ಲ, ಬುದ್ಧಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಎಷ್ಟೋ ಸಲ ಹೇಳಿದರು. ಅವಳ ಅಮ್ಮ ವಾರ್ಡಿನಲ್ಲಿ ದೀಪ ಆರಿಸುವುದಕ್ಕೇ ಬಿಡುತ್ತಿರಲಿಲ್ಲ, ಪಕ್ಕದ ಹಾಸಿಗೆಯವರು ಗೊಣಗಿದರೂ. ಮಣ್ಣಿನಿಂದ ಹೊರಬಂದವಳು ಅವಳು ಎಂಬುದಕ್ಕೆ ಮುಖದಲ್ಲಿದ್ದ ಗುರುತು ಹಣೆಯ ಮೇಲಿನ ಒಂದು ಗೀರು ಮಾತ್ರ. ಆದರೆ ಅವಳು ಪೂರ್ತಿ ಹೊರಗೆ ಬಂದಿರಲಿಲ್ಲ. ಹಗಲಲ್ಲಿ ಎಲ್ಲರ ಜೊತೆ ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿ ತಲೆ ಓರೆ ಮಾಡಿಬಿಡುತ್ತಿದ್ದಳು.

ಅಣ್ಣತಮ್ಮಂದಿರು ಎಳನೀರು ಹಿಡಿದುಕೊಂಡು ಬಂದರು. ಬಾಗಿಲ ಹತ್ತಿರವೇ ನಿಂತರು. ತಮ್ಮನಂತೂ ಒಳಗೆ ನೋಡಲೇ ಇಲ್ಲ. ನಾನು ಹೊರಗೆ ಹೋದಾಗ ಅಣ್ಣ ಗೋಡೆ ನೋಡಿಕೊಂಡು ಹೇಳಿದ:

"ನೀವ್ ಕೂಗಿದ್ದು ಕೇಳುಸ್ತು ಮೇಡಂ. ಕೇಳುಸ್ಲಿಲ್ಲ ಅಂತ ಸುಳ್ ಹೇಳಲ್ಲ. ತೆಗೀಬ್ಯಾಡಿ, ತೆಗೀಬ್ಯಾಡಿ ಅಂತಿದೀರ ಅನ್ಕಂಡೊ."

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ, ನಾನು ನಿಜವಾಗಿ ಏನು ಕೂಗಿದೆ ಎಂಬ ಅನುಮಾನ.

ಅವತ್ತು ಸಂಜೆ ಅವಳು ನನ್ನನ್ನು ಹತ್ತಿರ ಕರೆದಳು. ಅವರಮ್ಮ ಕೆಳಗೆ ಔಷಧಿ ತರಲು ಹೋಗಿದ್ದರು.

"ಯಾರೇ ಅದು, ಕಲ್ಲು ಕುಟ್ತಾ ಇದ್ದದ್ದು?" ಎಂದಳು.

ನಾನೇ, ಕೈಗೊಂದು ಕಲ್ಲು ಸಿಕ್ಕಿತ್ತು, ಅದರಿಂದ ಅಗೆದೆ, ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು, ಮೇಷ್ಟ್ರು ಪಾಠ ಮಾಡುವಾಗ ಕೇಳುತ್ತಿದ್ದ ಹಾಗೆ.

"ಅದಲ್ಲ. ಅದು ಆಮೇಲಿನದು. ನಾನು ಹೇಳ್ತಿರೋದು ಮಣ್ಣು ಬೀಳೋಕೆ ಮುಂಚೆ."

"ಮುಂಚೆ ನೀನೇ ಸುತ್ತಿಗೆ ಬಡಿತಿದ್ದೆಯಲ್ಲೇ."

"ಸುತ್ತಿಗೆ ನಿಲ್ಲಿಸಿದ್ದೆ. ನೀನು ಏನೇ ಅಂತ ಕೇಳ್ದೆ. ಆವಾಗ." ಮತ್ತೆ ತಲೆ ಓರೆ ಮಾಡಿ, "ಕಲ್ಲಿಗೆ ಕಲ್ಲು ಬಡಿಯೋ ಸದ್ದು ಬೇರೆ ಕಣೇ. ಗೋಡೆ ಒಳಗಿಂದ ಬರ್ತಿತ್ತು," ಎಂದಳು.

ನಮ್ಮ ಓದಿನಲ್ಲಿ ಮೊದಲು ಕಲಿಸುವ ಪಾಠ ಇದು: ಕೆಳಗಿನ ಪದರ ಮೊದಲಿನದು, ಮೇಲಿನ ಪದರ ಆಮೇಲಿನದು. ಎಲ್ಲ ತಿಳಿವಳಿಕೆ ನಿಂತಿರುವುದು ಇದರ ಮೇಲೆ. ಯಾವುದು ಯಾವುದರ ಕೆಳಗಿತ್ತು ಎಂದು ಗೊತ್ತಾದರೆ ಸಾಕು, ಹೆಸರೇ ಇಲ್ಲದ ಮನುಷ್ಯರ ಬದುಕನ್ನೂ ಕ್ರಮವಾಗಿ ಜೋಡಿಸಬಹುದು. ನನ್ನ ನೆನಪಿನಲ್ಲಿ ಕಲ್ಲಿನ ಸದ್ದು ಕುಸಿತದ ಮೇಲಿದೆ. ಅವಳ ನೆನಪಿನಲ್ಲಿ ಅದು ಕುಸಿತದ ಕೆಳಗಿದೆ. ಇಬ್ಬರೂ ಅಲ್ಲೇ ಇದ್ದೆವು, ಒಂದೇ ಕೋಣೆಯಲ್ಲಿ, ಕೈಯಳತೆಯ ದೂರದಲ್ಲಿ. ಲೆಕ್ಕವಿಲ್ಲದಷ್ಟು ಹಿಂದಿನ ಬಿಸಿಲಿನ ದಿನವನ್ನು ಮರಳಿನಿಂದ ಕೇಳಿ ತಿಳಿಯಲು ಹೋದ ನಮಗೆ, ಹೋದ ವಾರದ ಒಂದು ಸದ್ದನ್ನು ಸರಿಯಾದ ಪದರದಲ್ಲಿ ಇಡಲು ಆಗಲಿಲ್ಲ.

ಕುಸಿದದ್ದಕ್ಕೆ ಕಾರಣವೇನೋ ಮೇಷ್ಟ್ರು ಹೇಳಿದರು. ಯಂತ್ರ ನೇರವಾಗಿ ಕಡಿದಿತ್ತು, ಮಳೆ ನೀರು ಕೆಳಗಿನ ಉರುಟು ಕಲ್ಲಿನ ಪದರಕ್ಕೆ ಇಳಿದು ಅದನ್ನು ಸಡಿಲ ಮಾಡಿತ್ತು. ಒಳಗೆ ಕಲ್ಲುಗಳು ಜಾರಿ ಒಂದಕ್ಕೊಂದು ತಾಗಿದ ಸದ್ದನ್ನೇ ಅವಳು ಕೇಳಿರಬಹುದು ಎಂದರು. ಒಪ್ಪುವಂಥ ಮಾತು. ಅವಳಿಗೂ ಹೇಳಿದೆ. "ಇರಬಹುದು," ಎಂದಳು. "ಆದ್ರೆ ಜಾರೋ ಕಲ್ಲಿಗೆ ತಾಳ ಇರಲ್ಲ."

ನಾನು ಹಿಡಿದಿದ್ದ ಕಲ್ಲನ್ನೂ ಮೇಷ್ಟ್ರು ಕೇಳಿದರು. ಅವರ ಜೊತೆ ಹೋಗಿ ಹುಡುಕಿದೆ. ಕುಸಿದ ಮಣ್ಣಿನ ರಾಶಿಯಲ್ಲಿ ನೂರಾರು ಕಲ್ಲುಗಳಿದ್ದವು. ಒಂದೊಂದನ್ನೇ ಎತ್ತಿ ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ ನೋಡಿದೆ. ಯಾವುದೂ ಕೂರಲಿಲ್ಲ. ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ, ತನ್ನ ಪದರದಿಂದ ಬಿದ್ದ ಕಲ್ಲು ಏನನ್ನೂ ಹೇಳುವುದಿಲ್ಲ ಎಂದರು ಅವರು, ನನ್ನನ್ನು ಸಮಾಧಾನ ಮಾಡಲಿಕ್ಕೆ. ಅದು ಕೈಗೊಡಲಿಯೇ ಆಗಿತ್ತು ಎಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯಲ್ಲಿ ದಿನವಿಡೀ ಅಳತೆ ನೋಡುವ ಕೈ ಇದು. ಒಂದು ಬಿಡಿಭಾಗ ಕೂದಲೆಳೆಯಷ್ಟು ದಪ್ಪವಾದರೂ ಬೆರಳಿಗೆ ತಿಳಿಯುತ್ತದೆ. ಆ ಕಲ್ಲಿನ ಅಳತೆಯೂ ಕೈಯಲ್ಲಿದೆ, ಆದರೆ ತೋರಿಸುವುದಕ್ಕೆ ಏನೂ ಇಲ್ಲ.

ಮಳೆಗಾಲ ಮುಗಿದ ಮೇಲೆ ಅವಳು ಮತ್ತೆ ಹೋಗುತ್ತೇನೆಂದಳು. ಮೇಲಿನ ಪೈಪು ಉಳಿದಿತ್ತು. ಕೆಳಗಿನದು, ಕಲ್ಲಿನ ಪದರಕ್ಕೆ ಹತ್ತಿರದ್ದು, ಹೋಗಿತ್ತು. ಅದಿಲ್ಲದೆ ಕೈಗೊಡಲಿಗಳ ಕಾಲ ಹೇಳುವಂತಿರಲಿಲ್ಲ. ಬಡಾವಣೆಯವರು ಆ ದಂಡೆಗೆ ಕಲ್ಲು ಕಟ್ಟಿ ಮುಚ್ಚುವವರಿದ್ದರು. ಅವರಮ್ಮ ಊಟ ಬಿಟ್ಟರು. ಮೇಷ್ಟ್ರು ಬೇಡವೇ ಬೇಡ ಎಂದರು. ಮಾದರಿಗಾಗಿ ಹೋಗುತ್ತಿದ್ದಾಳೆಂದು ಅವರೆಲ್ಲ ತಿಳಿದಿದ್ದರು. ನನ್ನೊಬ್ಬಳಿಗೆ ಮಾತ್ರ ಅವಳು ಬೇರೆ ಹೇಳಿದ್ದಳು: ಒಳಗೆ ಒಂದು ಸಲ ಕೂತು, ಸುತ್ತಿಗೆ ನಿಲ್ಲಿಸಿ, ಏನೂ ಕೇಳಿಸದಿದ್ದರೆ ಸಾಕು, ಆಮೇಲೆ ದೀಪ ಆರಿಸಿ ಮಲಗುತ್ತೇನೆ. ಕೊನೆಗೆ ಅವರಪ್ಪ ಒಂದು ಮಧ್ಯಾಹ್ನ ಎರಡು ಪೈಪು ಕತ್ತರಿಸಿ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ನೀನೂ ಇರ್ತೀಯೇನವ್ವಾ?" ಎಂದರು.

"ಇರ್ತೀನಿ ಅಪ್ಪಾಜಿ," ಎಂದೆ. ಒಳಗೋ ಹೊರಗೋ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಸಲ ದಂಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗೋಡೆ ಅವಳ ಎದೆಯ ಎತ್ತರ ಮಾತ್ರ ಇರುವಂತೆ ಮಾಡಿದ್ದರು. ಮರದ ಆಸರೆ ಕೊಟ್ಟಿದ್ದರು. ಮೇಷ್ಟ್ರು ಮೇಲೆ ನಿಂತು ಬಿರುಕು ಕಾಯುತ್ತಿದ್ದರು. ಅವಳ ಸೊಂಟಕ್ಕೊಂದು ಹಗ್ಗ, ಇನ್ನೊಂದು ತುದಿ ಹೊರಗೆ ನನ್ನ ಕೈಯಲ್ಲಿ. ಏನಾದರೂ ಬೇಕಾದರೆ ಎರಡು ಸಲ ಜಗ್ಗಬೇಕು, ಬಾಯಿಮಾತು ನಂಬುವಂತಿಲ್ಲ ಎಂದು ತೀರ್ಮಾನವಾಗಿತ್ತು. ಎರಡು ಹಾಳೆಗಳು ಒಂದರ ಮೇಲೊಂದು ಬರುವ ಕಡೆ, ಬೆಳಕು ಬೀಳದಂತೆ ಕೈ ಮಾತ್ರ ತೂರುವಷ್ಟು ಸಂದಿ. ಉಳಿದ ಮುಚ್ಚಳಗಳು ಹೊರಗೆ ನನ್ನ ಹತ್ತಿರ. ಅಣ್ಣತಮ್ಮಂದಿರು ಅಂಚು ಹಿಡಿದು ಕೂತರು. ಬಾಣಂತಿ ಕೋಣೆ ಎಂದು ಯಾರೂ ಅನ್ನಲಿಲ್ಲ.

ಸುತ್ತಿಗೆ ಸದ್ದು ಶುರುವಾಯಿತು. ಹೊರಗಿನಿಂದ ಅದು ಎಷ್ಟು ಮೆತ್ತಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಯಾರೋ ಮೂರು ಮನೆ ಆಚೆ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುತ್ತಿದ್ದಂತೆ. ಮೇಲೆ ಬಿಸಿಲು, ರಸ್ತೆಯಲ್ಲಿ ಇಟ್ಟಿಗೆ ಲಾರಿ. ಆಮೇಲೆ ಸುತ್ತಿಗೆ ನಿಂತಿತು. ಹಗ್ಗ ಸಡಿಲವಾಗಿಯೇ ಇತ್ತು. ಒಳಗಿನಿಂದ ಅವಳ ದನಿ ಬಂತು. ದನಿ ಮಾತ್ರ, ಮಾತಲ್ಲ. ಕಂಬಳಿ ಹೊದ್ದುಕೊಂಡು ಯಾರೋ ಗೊಣಗಿದ ಹಾಗೆ. ಅಣ್ಣ ನನ್ನ ಮುಖ ನೋಡಿದ. ಏನಂದಳು ಎಂದು ಕಣ್ಣಲ್ಲೇ ಕೇಳಿದ. ನಾನು ಕಿವಿಗೊಟ್ಟೆ. ಎರಡನೆಯ ಸಲವೂ ಬಂತು. ತೆಗೀರಿ ಎಂದಳೋ, ತೆಗೀಬೇಡಿ ಎಂದಳೋ, ನನ್ನ ಹೆಸರು ಹಿಡಿದು ಕರೆದಳೋ.

ನಾನು ಎದ್ದು ಅಂಚಿನ ಕಲ್ಲುಗಳನ್ನು ಒದ್ದು ಟಾರ್ಪಾಲನ್ನು ಎಳೆದುಬಿಟ್ಟೆ.

ಅವಳು ಮೊಣಕಾಲೂರಿ ಕೂತಿದ್ದಳು, ಕ್ಷೇಮವಾಗಿ. ಪೈಪು ಗೋಡೆಯಿಂದ ಅರ್ಧ ಹೊರಬಂದಿತ್ತು, ಅದರ ತೆರೆದ ಬಾಯಿಗೆ ಬಿಸಿಲು ನೇರ ಬಿದ್ದಿತ್ತು. ಅದನ್ನು ನೋಡಿದಳು, ಆಮೇಲೆ ನನ್ನನ್ನು.

"ಮುಚ್ಚಳ ಕೈಜಾರಿ ಬಿತ್ತು. ಇನ್ನೊಂದು ಕೇಳ್ದೆ ಕಣೇ," ಎಂದಳು.

"ಜಗ್ಗಬೇಕಿತ್ತಲ್ಲೇ."

"ಎರಡೂ ಕೈಯಲ್ಲಿ ಪೈಪ್ ಹಿಡಿದಿದ್ದೆ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ನಾನು ಹತ್ತಿರ ಹೋಗಿ, ಬೇರೆಯವರಿಗೆ ಕೇಳಿಸದಂತೆ, ಸದ್ದು ಬಂತೇ ಎಂದು ಕೇಳಿದೆ. ಅವಳು ಕೈಯ ಮಣ್ಣು ಒರೆಸಿಕೊಳ್ಳುತ್ತ, ಮುಚ್ಚಳ ಹಾಕಿ ಕಿವಿಗೊಡುವವಳಿದ್ದೆ, ಅಷ್ಟರಲ್ಲಿ ನೀನು ಬೆಳಕು ಬಿಟ್ಟುಬಿಟ್ಟೆ ಎಂದಳು. ಆಮೇಲೆ ಎರಡನೆಯ ಪೈಪು ತೆಗೆದುಕೊಂಡು ಗೋಡೆಯ ಕಡೆ ತಿರುಗಿದಳು. ಇಷ್ಟು ಸಾಕು, ಎದ್ದು ಬಾ ಎಂದು ಮೇಷ್ಟ್ರು ಮೇಲಿನಿಂದ ಕರೆದರು. ಅವಳು ಕೇಳಿಸದವಳಂತೆ ಇದ್ದಳು. ಅಣ್ಣತಮ್ಮಂದಿರು ಹಾಳೆ ಬದಲಿಸಿ, ಕಲ್ಲುಗಳನ್ನು ಮತ್ತೆ ಒಂದೊಂದಾಗಿ ಹೇರಿದರು. ಕೊನೆಯ ಅಂಚನ್ನು ಹಿಡಿಯಲು ಯಾರೂ ಉಳಿದಿರಲಿಲ್ಲ. ನಾನೇ ಅದರ ಮೇಲೆ ಕೂತೆ.

ಸುತ್ತಿಗೆ ಬಡಿಯಿತು, ನಿಂತಿತು. ಈ ಸಲ ದನಿ ಬರಲಿಲ್ಲ. ಹಗ್ಗ ಅಲುಗಲಿಲ್ಲ. ಹೊತ್ತು ಹೋಯಿತು, ಎಷ್ಟೆಂದು ಕೇಳಬೇಡಿ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು, ನಾನೂ ಉಸಿರು ಹಿಡಿದಿದ್ದೆ. ಆಮೇಲೆ ಹಗ್ಗ ಎರಡು ಸಲ ಜಗ್ಗಿತು. ಮುಚ್ಚಳವನ್ನು ಸಂದಿಯಲ್ಲಿ ತೂರಿಸಿದೆ. ಒಳಗಿನಿಂದ ಒಂದು ಕೈ ಬಂದು ನನ್ನ ಬೆರಳಿಗೆ ತಾಗಿ, ಅದನ್ನು ತೆಗೆದುಕೊಂಡು ಹೋಯಿತು. ತಣ್ಣಗಿತ್ತು, ತುಂಬ ಮರಳಾಗಿತ್ತು. ಸಂದಿಗೆ ಕಣ್ಣಿಟ್ಟು ನೋಡಬೇಕು ಅನ್ನಿಸಿತು. ನೋಡಿದರೆ ಬೆಳಕು ಹೋಗುತ್ತದೆ. ಅಂಚನ್ನು ಒತ್ತಿ ಹಿಡಿದುಕೊಂಡು ಕೂತೇ ಇದ್ದೆ.